ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸೋ ರೈಲೋ? ಅಮ್ಮನ ಜೊತೆ ಹೋಗಿಬಂದ ಅನುಭವ

ಅಮ್ಮನಿಗೆ ಘಾಟಿ ಎಂದರೆ ಭಯ. ಬಸ್ಸಿನಲ್ಲಿ ತಿರುವಿನ ಮೇಲೆ ತಿರುವು ಬಂದರೆ ಹೊಟ್ಟೆ ತೊಳಸುತ್ತದೆ. ಹಿಂದೊಮ್ಮೆ ಮಳೆಗಾಲದಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದು, ನಮ್ಮ ಬಸ್ಸು ಮೂರು ಗಂಟೆ ನಿಂತಲ್ಲೇ ನಿಂತಿತ್ತು. ಸುತ್ತ ಕತ್ತಲು, ಅಮ್ಮನ ಕೈಯಲ್ಲಿ ಮೂಸಿ ಮೂಸಿ ಬಾಡಿಹೋದ ನಿಂಬೆಹಣ್ಣು. ಹಾಗಾಗಿ ಈ ಸಲ ಹಗಲು ರೈಲಿಗೇ ಬುಕ್ ಮಾಡಿದೆ.

ಗಂಟೆ ಲೆಕ್ಕ ಹಾಕಿದರೆ ಬಸ್ಸೇ ಬೇಗ. ಸುಮಾರು 350 ಕಿ.ಮೀ. ದಾರಿ, ರಾತ್ರಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮಂಗಳೂರಿನ ಬಿಜೈ ಬಸ್ ನಿಲ್ದಾಣ. ವಿಮಾನ ಹಾರುವುದು ಒಂದು ಗಂಟೆ ಅಷ್ಟೇ. ಆದರೆ ದೇವನಹಳ್ಳಿ ತನಕ ಹೋಗಿ, ಮುಂಚೆಯೇ ಕಾದು, ಆಮೇಲೆ ಬಜ್ಪೆಯಿಂದ ಊರಿಗೆ ಇಳಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಒಬ್ಬರೇ ಕೆಲಸದ ಮೇಲೆ ಹೋಗುವವರಾದರೆ ಸುಮ್ನೆ ರಾತ್ರಿ ಬಸ್ಸು ಹತ್ತಿ. ವಯಸ್ಸಾದವರೋ ಮಕ್ಕಳೋ ಜೊತೆಗಿದ್ದರೆ ರೈಲೇ ಸರಿ. ಕಾಲು ಚಾಚಬಹುದು, ಎದ್ದು ಓಡಾಡಬಹುದು, ಶೌಚಾಲಯಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಬೆಳಿಗ್ಗೆ 7ರ ಹೊತ್ತಿಗೆ ಯಶವಂತಪುರ ಬಿಟ್ಟೆವು. ಕುಣಿಗಲ್, ಶ್ರವಣಬೆಳಗೊಳ, ಹಾಸನ. ಅಲ್ಲಿಯವರೆಗೆ ಬೇಕಾದರೆ ನಿದ್ದೆ ಮಾಡಿ. ಸಕಲೇಶಪುರ ಬಂದ ಮೇಲೆ ಮಾತ್ರ ಕಣ್ಣು ಮುಚ್ಚಬೇಡಿ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ., 57 ಸುರಂಗ. ಇಳಿಜಾರು ಎಷ್ಟು ಕಡಿದಾಗಿದೆ ಎಂದರೆ, 50 ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಇಳಿಯುತ್ತದೆ. ಅದಕ್ಕೇ ರೈಲು ತೆವಳುತ್ತಾ ಹೋಗುತ್ತದೆ, ಎರಡು ಗಂಟೆಗೂ ಜಾಸ್ತಿ ಬೇಕು. ಸುರಂಗದ ಒಳಗೆ ಹೊಕ್ಕ ಕೂಡಲೇ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗು ಹಾಕುತ್ತಿದ್ದವು. ಹೊರಗೆ ಬಂದರೆ ಕಣ್ಣು ಕೋರೈಸುವ ಬೆಳಕು, ಸೇತುವೆ ಕೆಳಗೆ ಕಲ್ಲಿನ ಮೇಲೆ ಹರಿಯುವ ನೀರು. ಅಮ್ಮ ಬೆರಳು ಮಡಿಸಿ ಸುರಂಗ ಎಣಿಸಲು ಶುರು ಮಾಡಿದರು, ಇಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಹೊಟ್ಟೆ ತೊಳಸಲೇ ಇಲ್ಲ. ಘಾಟಿ ನಡುವಿನ ಕಡಗರವಳ್ಳಿ ನಿಲ್ದಾಣ ದಾಟಿದ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿ ಊಟವನ್ನೂ ಮಾಡಿದರು. ಊಟ ಮನೆಯಿಂದಲೇ ಒಯ್ಯಿರಿ, ಘಾಟಿಯಲ್ಲಿ ಕೊಳ್ಳುವಂಥದ್ದೇನೂ ಸಿಗಲ್ಲ.

ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ದುಬಾರಿ. ನನಗೆ ಕೇಳಿದರೆ, ಮಾಮೂಲಿ ಬೋಗಿಯ ತೆರೆದ ಕಿಟಕಿಯೇ ವಾಸಿ. ಒದ್ದೆ ಕಾಡಿನ ವಾಸನೆ ಎಸಿ ಒಳಗೆ ಬರಲ್ಲ ಅಲ್ವಾ?

ಹಗಲು ರೈಲು ಎಲ್ಲಾ ದಿನ ಇರುವುದಿಲ್ಲ. ಮೊದಲು ದಿನ ನೋಡಿ, ಆಮೇಲೆ ರಜೆ ಹಾಕಿ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಹಿಂದಿನ ಸಂಜೆ ರೈಲು ಓಡುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳಿ. 2024ರ ಜುಲೈಯಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಂತಿತ್ತು. ಮಳೆ ಕಡಿಮೆಯಾಗಿ ತೊರೆಗಳು ಇನ್ನೂ ತುಂಬಿರುವ ಅಕ್ಟೋಬರ್, ನವೆಂಬರ್ ನನ್ನ ಆಯ್ಕೆ.

ಇನ್ನೊಂದು ಮಾತು. ಮಂಗಳೂರಿಗೆ ಎರಡು ನಿಲ್ದಾಣ. ಸೆಂಟ್ರಲ್ ಊರ ಮಧ್ಯೆ ಇದೆ, ಜಂಕ್ಷನ್ ಇರುವುದು ಪಡೀಲ್ ಕಡೆ. ಕರೆದೊಯ್ಯಲು ಬರುವವರಿಗೆ ಯಾವುದೆಂದು ಸರಿಯಾಗಿ ಹೇಳಿ. ನಮ್ಮ ಅಣ್ಣ ಸೆಂಟ್ರಲ್‌ನಲ್ಲಿ ಕಾದಿದ್ದ, ನಾವು ಜಂಕ್ಷನ್‌ನಲ್ಲಿ ಇಳಿದಿದ್ದೆವು.

ವಾಪಸ್ ಬರುವಾಗ ರಾತ್ರಿ ರೈಲು ಹಿಡಿದೆವು. 45 ದಾಟಿದ ಹೆಂಗಸರಿಗೆ, ಖಾಲಿ ಇದ್ದರೆ, ಕೆಳಗಿನ ಬರ್ತ್ ಸಿಗುತ್ತದೆ. ಅಮ್ಮನಿಗೂ ಸಿಕ್ಕಿತು. ಬಂಟ್ವಾಳ ದಾಟುವ ಮೊದಲೇ ಹೊದ್ದು ಮಲಗಿದವರು, ಎದ್ದಿದ್ದು ಬೆಂಗಳೂರು ಹತ್ತಿರ ಬಂದಾಗಲೇ.