ದುಂಡು ಮೇಜು, ಆರು ಜನ

ನಿನ್ನೆ ರಾತ್ರಿ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ನ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ಬರೆದೆ. ತರ್ಕದ ವಿಭಾಗದಲ್ಲಿ ಒಂದೇ ಒಂದು ಸೆಟ್‌ಗೆ, ಅಂದರೆ ಒಂದು ಒಗಟು ಮತ್ತು ಅದರ ಪ್ರಶ್ನೆಗಳಿಗೆ, 22 ನಿಮಿಷ ಹೋಯಿತು. ಆ ಇಡೀ ವಿಭಾಗಕ್ಕೇ ಸಿಗೋದು 40 ನಿಮಿಷ!

ದುಂಡು ಮೇಜಿನ ಸುತ್ತ ಆರು ಜನ, ಯಾರು ಎಲ್ಲಿ ಕೂತಿದ್ದಾರೆ ಅಂತ ಕಂಡುಹಿಡಿಯಬೇಕು. ಒಬ್ಬರನ್ನು ಒಂದು ಕಡೆ ಗಟ್ಟಿಯಾಗಿ ಕೂರಿಸಿಬಿಟ್ಟರೂ ಉಳಿದ ಐವರನ್ನು 120 ಥರ ಕೂರಿಸಬಹುದು. ಸುಳಿವು ಹಿಡಿದು ಒಂದೊಂದೇ ಹೊಡೆದುಹಾಕುತ್ತಾ ಹೋಗಬೇಕು. ಮೂರು ಸಲ ಚಿತ್ರ ಬರೆದೆ, ಮೂರು ಸಲವೂ ಕೊನೆಯವನಿಗೆ ಜಾಗ ಇಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಇಬ್ಬರು ಹೊರಗಡೆ ಮುಖ ಮಾಡಿ ಕೂತಿದ್ದಾರೆ. ಅವರ ಎಡ ಬಲ ಎರಡೂ ತಿರುವುಮುರುವು. ಮೊದಲ ಸಾಲಲ್ಲೇ ಬರೆದಿದ್ದರು ಮಾರಾಯ್ರೇ. ನಾನು ಓದಿರಲಿಲ್ಲ, ಅಷ್ಟೇ.

ಅಮ್ಮ ಹಾಳೆ ನೋಡಿ, "ಊಟಕ್ಕೆ ಕೂರಿಸ್ತಿದ್ದೀಯಾ?" ಅಂದಳು. ನಗು ಬಂತು. ಆದರೆ ಅಕ್ಕನ ಮದುವೆಯಲ್ಲಿ ಇದೇ ಅಮ್ಮ ಮಾತು ಬಿಟ್ಟ ದೊಡ್ಡಪ್ಪ ಚಿಕ್ಕಪ್ಪ ಒಂದೇ ಪಂಕ್ತಿಗೆ ಬರದ ಹಾಗೆ, ಕಿವಿ ಕೇಳದ ಅಜ್ಜಿಯ ಪಕ್ಕ ಗಟ್ಟಿ ದನಿಯ ಅತ್ತೆ ಇರೋ ಹಾಗೆ, ಪೆನ್ನು ಹಾಳೆ ಇಲ್ಲದೆ ಕೂರಿಸಿದ್ದಳು. ತಪ್ಪಿದ್ದರೆ ಮೈನಸ್ ಒಂದು ಅಂಕಕ್ಕೆ ಮುಗೀತಿರಲಿಲ್ಲ, ಅಲ್ವಾ?

ನನ್ನ ಕಷ್ಟ ಕೂರಿಸೋದಲ್ಲ, ಎದ್ದು ಹೋಗೋದು. ಹತ್ತು ನಿಮಿಷ ಹಾಕಿದ ಮೇಲೆ ಸೆಟ್ ಬಿಡೋಕೆ ಮನಸ್ಸೇ ಬರಲ್ಲ. ಪಕ್ಕದಲ್ಲೇ ಸುಲಭದ ಸೆಟ್ ಸುಮ್ನೆ ಕಾಯ್ತಿರುತ್ತೆ.

ಬೆಳಿಗ್ಗೆ ಅದೇ ಸೆಟ್ ಮತ್ತೆ ಮಾಡಿದೆ. ಒಂಬತ್ತು ನಿಮಿಷ. ಉತ್ತರ ಮೊದಲೇ ಗೊತ್ತಿತ್ತು ಅನ್ನೋದು ಬೇರೆ ಮಾತು.