ಅರಸಾಳು ನಿಲ್ದಾಣದಲ್ಲಿ ಮಣಿ ಹೇಳಿದ್ದು

ಹೊನ್ನಾವರದ ಕಡೆಯವರು ನಾವು ಶಂಕರ್ ನಾಗ್ ವಿಷಯ ಬಂದರೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇವೆ. ನಮ್ಮ ಕಡೆಯ ಹುಡುಗ ಅನ್ನುವ ಅಭಿಮಾನ. ನಮ್ಮ ಮನೆಯಲ್ಲಿ ಆ ಅಭಿಮಾನ ‘ಆಟೋ ರಾಜ’ ಸಿನಿಮಾದ ಮೇಲಿಗಿಂತ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೇಲೆ ಹೆಚ್ಚು. ಅದಕ್ಕೆ ಕಾರಣ ಅಪ್ಪಯ್ಯ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರು ಅವರು. ಆರ್. ಕೆ. ನಾರಾಯಣ್ ಬರೆದ, 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅವರ ಮೇಜಿನ ಮೇಲೆ ಯಾವಾಗಲೂ ಇರುತ್ತಿತ್ತು. ಧಾರಾವಾಹಿಯಲ್ಲಿ ಸ್ವಾಮಿಯ ಕತೆ ಬಂದದ್ದು ಅದೇ ಕಾದಂಬರಿಯಿಂದ.

ಈ ದಸರಾ ರಜೆಯಲ್ಲಿ ಅವರನ್ನು ಕರೆದುಕೊಂಡು ಹೊರಟೆ. ಮಾಲ್ಗುಡಿ ನಾರಾಯಣ್ ಕಲ್ಪನೆಯ ಊರು. ಧಾರಾವಾಹಿಯಲ್ಲಿ ಅದರ ರೈಲು ನಿಲ್ದಾಣವಾಗಿ ಕಾಣುವುದು ಅರಸಾಳಿನದು. ಸ್ವಾಮಿಯ ಮನೆ ಆಗುಂಬೆಯಲ್ಲಿ. ಗೇರುಸೊಪ್ಪೆ ಘಟ್ಟ ಹತ್ತಿ ಹೋಗಿ, ಆಗುಂಬೆ ಘಟ್ಟ ಇಳಿದು ಬಂದರೆ ಒಂದು ಸುತ್ತು ಮುಗಿಯುತ್ತದೆ. ಜೋಗದಲ್ಲಿ ನೀರು ಚೆನ್ನಾಗಿತ್ತು, ಜನ ಅದಕ್ಕಿಂತ ಜಾಸ್ತಿ ಇದ್ದರು. ನಾವು ಇಳಿಯಲೇ ಇಲ್ಲ. ಸಾಗರದಲ್ಲಿ ಊಟ ಮಾಡಿ, ಆನಂದಪುರ ದಾಟಿ, ರಿಪ್ಪನ್‌ಪೇಟೆ ದಾರಿ ಹಿಡಿದೆವು.

ಅರಸಾಳು ಸಣ್ಣ ಊರು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿದೆ. ಶೂಟಿಂಗ್ ಕಾಲಕ್ಕೆ ಇಲ್ಲಿದ್ದದ್ದು ಮೀಟರ್ ಗೇಜ್. ಆಮೇಲೆ ಬ್ರಾಡ್ ಗೇಜ್ ಬಂತು, ಹಳೇ ನಿಲ್ದಾಣದ ಕಟ್ಟಡಕ್ಕೆ ಕೆಲಸ ಇಲ್ಲದಾಯಿತು. ಅದನ್ನು ಕೆಡವದೆ ರಿಪೇರಿ ಮಾಡಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದ್ದಾರೆ. ಆಗ ಇದೇ ಕಟ್ಟಡವನ್ನು ಮಾಲ್ಗುಡಿ ಮಾಡಿದವರು, ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದನ್ನು ಉಳಿಸಲು ಮತ್ತೆ ಬಂದರು. ಇದು ನನಗೆ ತುಂಬಾ ಇಷ್ಟವಾಯಿತು.

ಒಳಗೆ ಫೋಟೊಗಳಿವೆ, ಚಿತ್ರಗಳಿವೆ, ಮಾದರಿಗಳಿವೆ. ನೋಡಬೇಕು ನಿಜ. ಆದರೆ ನನ್ನ ಮನಸ್ಸು ನಿಂತದ್ದು ಹೊರಗೆ. ಬಣ್ಣ ಸ್ವಲ್ಪ ಕಡಿಮೆ ಬಳಿದಿದ್ದರೆ ಚೆನ್ನಾಗಿತ್ತು. ಹಂಚಿನ ಮಾಡು, ಅದರ ಕೆಳಗಿನ ನೆರಳು, ಹಳಿಯ ಕಡೆ ಮುಖ ಮಾಡಿದ ಬಾಗಿಲು, ಇಷ್ಟೇ ಸಾಕಿತ್ತು. ಬಾಗಿಲ ಬುಡದ ಕಲ್ಲು ಮಧ್ಯದಲ್ಲಿ ತಗ್ಗಾಗಿತ್ತು. ಅಷ್ಟು ಜನ ತುಳಿದು ಒಳಗೆ ಹೋಗಿದ್ದಾರೆ, ಟಿಕೆಟ್ ತಗೊಂಡು ಹೊರಗೆ ಬಂದಿದ್ದಾರೆ. ಅಪ್ಪಯ್ಯ ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ಕಾಲಿಟ್ಟು ನೋಡಿದರು.

ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತರು. ಏಳಲೇ ಇಲ್ಲ.

ಕಾದಂಬರಿ ಓದದವರಿಗೆ ಕೊನೆಯ ಭಾಗ ಹೇಳಬೇಕು. ಸ್ವಾಮಿ, ಮಣಿ, ರಾಜಂ ಸೇರಿ ಕ್ರಿಕೆಟ್ ತಂಡ ಕಟ್ಟಿರುತ್ತಾರೆ. ಸ್ವಾಮಿ ಹೆಡ್ಮಾಸ್ತರರ ಬೆತ್ತಕ್ಕೆ ಹೆದರಿ ಶಾಲೆಯಿಂದ ಓಡುತ್ತಾನೆ, ಕೊನೆಗೆ ಊರನ್ನೇ ಬಿಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಮ್ಯಾಚಿಗೆ ಬರುವುದಕ್ಕೆ ಆಗುವುದಿಲ್ಲ, ತಂಡ ಸೋಲುತ್ತದೆ. ರಾಜಂ ಮಾತು ಬಿಡುತ್ತಾನೆ. ಅಷ್ಟರಲ್ಲಿ ರಾಜಂನ ಅಪ್ಪನಿಗೆ ವರ್ಗ. ಪೊಲೀಸ್ ಅಧಿಕಾರಿ ಅವರು. ಸ್ವಾಮಿ ಆಂಡರ್ಸನ್ನನ ಕತೆಗಳ ಪುಸ್ತಕ ಹಿಡಿದು ಸ್ಟೇಷನ್ನಿಗೆ ಹೋಗುತ್ತಾನೆ. ರಾಜಂ ಅವನ ಹತ್ತಿರ ಒಂದು ಮಾತೂ ಆಡುವುದಿಲ್ಲ. ರೈಲು ಹೊರಟೇ ಬಿಡುತ್ತದೆ. ಮಣಿ ಪುಸ್ತಕ ಕಸಿದುಕೊಂಡು ರೈಲಿನ ಜೊತೆ ಓಡಿ ಕೊಡುತ್ತಾನೆ. ವಾಪಸ್ ಬಂದು, ರಾಜಂ ನಿನಗೆ ಕಾಗದ ಬರೀತಾನಂತೆ, ನಿನ್ನ ವಿಳಾಸ ಕೇಳಿದ, ಕೊಟ್ಟಿದ್ದೇನೆ ಅನ್ನುತ್ತಾನೆ. ಹಾಗಾದರೆ ನನ್ನ ವಿಳಾಸ ಏನು ಹೇಳು ಅಂತ ಸ್ವಾಮಿ ಕೇಳಿದರೆ ಮಣಿಗೆ ಹೇಳಲು ಬರುವುದಿಲ್ಲ. ಮುಖ ನೋಡಿದರೂ ನಿಜವೋ ಸುಳ್ಳೋ ತಿಳಿಯುವುದಿಲ್ಲ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

“ಸುಳ್ಳು ತಂಗೀ, ಶುದ್ಧ ಸುಳ್ಳು” ಅಂದರು ಅಪ್ಪಯ್ಯ. “ಮೂವತ್ತು ವರ್ಷ ಮಕ್ಕಳ ಮುಖ ನೋಡಿದ್ದೇನೆ. ವಿಳಾಸ ಹೇಳಲಿಕ್ಕೆ ಬರದವ ವಿಳಾಸ ಹೇಗೆ ಕೊಟ್ಟ?”

ನನಗೆ ಅದು ಒಪ್ಪಿಗೆಯಾಗಲಿಲ್ಲ. ರೈಲು ಹೊರಡುವ ಮೊದಲೇ ಮಣಿ ರಾಜಂ ಹತ್ತಿರ ಮಾತಾಡಿರಬಹುದು ಅಲ್ವಾ? ಅವರಿಬ್ಬರ ನಡುವೆ ಜಗಳ ಇರಲಿಲ್ಲ. ರಾಜಂ ಸಿಟ್ಟಿನ ಹುಡುಗ, ಆದರೆ ಕಲ್ಲು ಮನಸ್ಸಿನವನಲ್ಲ. ಪುಸ್ತಕಕ್ಕೆ ಕೈ ಚಾಚಿದನಲ್ಲ, ಕೈ ಬೀಸಿದನಲ್ಲ?

“ಕೈ ಬೀಸಿದ್ದು ಮಣಿಗೆ” ಅಂದರು ಅಪ್ಪಯ್ಯ.

“ಸ್ವಾಮಿಗೇ ಅಪ್ಪಯ್ಯ.”

ಬೆಂಚಿನ ಆ ತುದಿಯಲ್ಲಿ ಊರಿನ ಹಿರಿಯರೊಬ್ಬರು ಕೂತಿದ್ದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಕೊಡೆ. ಇಷ್ಟು ಹೊತ್ತು ಕೇಳಿಸಿಕೊಳ್ಳುತ್ತಿದ್ದವರು ಮೆಲ್ಲಗೆ ಈಚೆ ಸರಿದರು. ಈ ಲೈನಿನಲ್ಲೇ ಗ್ಯಾಂಗ್‌ಮನ್ ಆಗಿದ್ದವರಂತೆ. ಪುಸ್ತಕ ಓದಿರಲಿಲ್ಲ. ಯಾರ ಕತೆ, ಏನು ಜಗಳ ಅಂತ ಕೇಳಿದರು. ಅಪ್ಪಯ್ಯ ಪಾಠ ಮಾಡುವ ಹಾಗೆ ಮೊದಲಿಂದ ಹೇಳಿದರು.

“ಎಂಜಿನ್ ಯಾವ್ದು ಮೇಷ್ಟ್ರೇ?” ಅಂದರು ಅವರು.

“ಉಗಿ ಎಂಜಿನ್. ಬ್ರಿಟಿಷರ ಕಾಲದ ಕತೆ.”

“ಹಂಗಾದ್ರೆ ಏನೂ ಕೇಳ್ಸಿರಲ್ಲ ಬಿಡಿ. ಗಾರ್ಡ್ ಸೀಟಿ ಹೊಡೀತಾನೆ, ಎಂಜಿನ್ ಕೂಗುತ್ತೆ, ಆವಿ ಬಿಡುತ್ತೆ. ಪಕ್ಕದಾಗೆ ನಿಂತೋರ ಮಾತೇ ಕಿವಿಗೆ ಬೀಳಲ್ಲ. ಅದ್ರಾಗೆ ಓಡ್ತಾ ಓಡ್ತಾ ವಿಳಾಸ ಹೇಳೋದು, ಅವ್ನು ಕೇಳ್ಕೊಳೋದು ಎಲ್ಲಿ ಬಂತು? ಆ ಹುಡುಗ ಹೇಳಿದ್ದು ಸುಳ್ಳೇ.”

ಅಪ್ಪಯ್ಯ ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಆದರೆ ಆ ಹಿರಿಯರ ಮಾತು ಮುಗಿದಿರಲಿಲ್ಲ.

“ಸುಳ್ಳು ಹೇಳಿದ್ದೇ ಸರಿ ಮೇಷ್ಟ್ರೇ. ರೈಲು ಹೋದ್ಮೇಲೆ ನಿಂತೋರ ಹತ್ರ ಮತ್ತೇನು ಹೇಳ್ಬೇಕು? ಮಗಳನ್ನ ಗಂಡನ ಮನೆಗೆ ಕಳ್ಸಿ ಇಲ್ಲಿ ಅಳ್ತಾ ನಿಂತೋರಿಗೆ ನಾನೂ ಹೇಳಿದೀನಿ. ಹಬ್ಬಕ್ಕೆ ಬರ್ತೀನಿ ಅಂತ ಕಿಟಕೀಲಿ ಕೂಗಿದ್ಲು ಕಣಮ್ಮ, ನಂಗೆ ಕೇಳಿಸ್ತು ಅಂತ. ಏನೂ ಕೇಳ್ಸಿರಲಿಲ್ಲ.”

ಅಪ್ಪಯ್ಯ ಸುಮ್ನೆ ಕೂತರು. ಎಷ್ಟೋ ಬ್ಯಾಚಿನ ಮಕ್ಕಳಿಗೆ ಈ ಕತೆ ಹೇಳಿದವರು ಅವರು. ಮಣಿಯನ್ನು ಓದಿನಲ್ಲಿ ದಡ್ಡ, ಹೊಡೆದಾಟದ ಹುಡುಗ ಅಂತಲೇ ಹೇಳುತ್ತಿದ್ದರು. ಆವತ್ತು ಆ ಬೆಂಚಿನ ಮೇಲೆ, “ಅಲ್ಲ ತಂಗೀ, ಆ ಮೂವರಲ್ಲಿ ದೊಡ್ಡವ ಮಣಿಯೇ ಆಯಿತಲ್ಲ” ಅಂದರು. ನಾನೂ ಆಗ ಸೋತೆ. ಖುಷಿಯಿಂದಲೇ ಸೋತೆ.

ಪಕ್ಕದಲ್ಲಿ ಹಳೇ ಬೋಗಿಯೊಂದನ್ನು ಚಹಾ ಕುಡಿಯುವ ಜಾಗ ಮಾಡಿ ನಿಲ್ಲಿಸಿದ್ದಾರೆ. ಅವರನ್ನು ಚಹಾಕ್ಕೆ ಕರೆದೆವು. ಸಂಜೆ ಚಹಾ ಕುಡಿದರೆ ನಿದ್ದೆ ಬರಲ್ಲ ಅಂತ ಹೇಳಿ, ಕೊಡೆ ಊರಿಕೊಂಡು ಹಳಿ ಪಕ್ಕದ ದಾರಿಯಲ್ಲಿ ಹೊರಟರು.

ಆಗುಂಬೆಗೆ ಹೋದಾಗ ಕತ್ತಲಾಗಿತ್ತು. ಅಲ್ಲಿ ಆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಂದು ಹೋಂಸ್ಟೇಗೆ ಮೊದಲೇ ದುಡ್ಡು ಕಟ್ಟಿದ್ದೆ. ಫೋನಿನಲ್ಲಿ, ಶೂಟಿಂಗ್ ನಡೆದದ್ದು ನಮ್ಮ ಮನೆಯಲ್ಲೇ ಅಂದಿದ್ದರು. ಹೋಗಿ ನೋಡಿದರೆ ಈಚೆಗೆ ಕಟ್ಟಿದ ಸಿಮೆಂಟ್ ಮನೆ. ಗೋಡೆಗೆ ಸ್ವಾಮಿಯ ಫೋಟೊ ಅಂಟಿಸಿದ್ದರು, ಅಷ್ಟೇ. ಕೇಳಿದರೆ, ಹತ್ತಿರದಲ್ಲೇ ನಡೆದದ್ದು ಅಂದರು. ಮಾಡು ಸೋರುತ್ತಿತ್ತು, ಅಪ್ಪಯ್ಯನ ಹಾಸಿಗೆ ಒದ್ದೆ. ರಾತ್ರಿ ಊಟಕ್ಕೆ ಅನ್ನ, ತಿಳಿಸಾರು, ಪ್ಯಾಕೆಟ್ ಉಪ್ಪಿನಕಾಯಿ. ಮಲೆನಾಡಿನಲ್ಲಿ ಪ್ಯಾಕೆಟ್ ಉಪ್ಪಿನಕಾಯಿ ಬಡಿಸುವವರನ್ನು ನಾನು ಕ್ಷಮಿಸುವುದಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ‘ಮಾಲ್ಗುಡಿ ಮನೆ’ ಅಂತ ಯಾರು ಹೇಳಿದರೂ ನಂಬಬೇಡಿ. ‘ದೊಡ್ಡಮನೆ’ ಎಲ್ಲಿ ಅಂತ ಕೇಳಿ, ಆಗುಂಬೆಯಲ್ಲಿ ಯಾರಾದರೂ ತೋರಿಸುತ್ತಾರೆ. ಮಳೆಗಾಲ ಮುಗಿಯದೆ ಹೋಗುವುದಾದರೆ ಮೈ ಒರೆಸಲು ಎರಡು ಟವೆಲ್ ಜಾಸ್ತಿ ಇಟ್ಟುಕೊಳ್ಳಿ, ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಕಟ್ಟಿಕೊಳ್ಳಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ಅದು. ಬಟ್ಟೆ ಒಣಗುವುದಿಲ್ಲ.

ಬೆಳಿಗ್ಗೆ ದೊಡ್ಡಮನೆಗೆ ಹೋದೆವು. ನೂರು ವರ್ಷ ದಾಟಿದ ಮನೆ. ಉದ್ದದ ಜಗಲಿ, ಮರದ ಕಂಬಗಳು, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ. ಇದು ಜನ ಬದುಕುತ್ತಿರುವ ಮನೆ, ಕೇಳದೆ ಒಳಗೆ ನುಗ್ಗಬಾರದು. ಮನೆಯವರು ಬನ್ನಿ ಅಂದರು, ಕಷಾಯ ಕೊಟ್ಟರು. ಜೀರಿಗೆ, ಕೊತ್ತಂಬರಿ, ಬೆಲ್ಲ, ಹಾಲು ಎಲ್ಲ ಹದವಾಗಿತ್ತು. ರಾತ್ರಿಯ ಸಿಟ್ಟು ಅರ್ಧ ಇಳಿಯಿತು.

ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಾಡಿದ ಜಗಲಿ ಇದು. ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಮಾಲ್ಗುಡಿ ತಮಿಳು ಸೀಮೆಯ ಊರು ಅನ್ನಿಸುವ ಹಾಗೆ ನಾರಾಯಣ್ ಬರೆದಿದ್ದಾರೆ. ಅಲ್ಲಿ ಸರಯೂ ನದಿ, ಬಯಲು, ಬಿಸಿಲು. ಶಂಕರ್ ನಾಗ್ ಅದನ್ನು ಎತ್ತಿಕೊಂಡು ಬಂದು ಮಳೆ ಸುರಿಯುವ ಘಟ್ಟದ ತಲೆ ಮೇಲೆ ಇಟ್ಟರು. ಓದಿದವರಿಗೂ ಅದು ತಪ್ಪು ಅನ್ನಿಸಲಿಲ್ಲ. ಆ ಜಗಲಿಯ ಮೇಲೆ ಕೂತಾಗ ಯಾಕೆ ಅಂತ ನನಗೆ ಗೊತ್ತಾಯಿತು. ಅಪ್ಪ ಪೇಪರ್ ಓದುವುದು, ಅಜ್ಜಿ ಎಲೆ ಅಡಿಕೆ ಹಾಕುವುದು, ಹುಡುಗ ಲೆಕ್ಕ ಬಾರದೆ ಅಳುವುದು, ಬಂದವರು ಮಾತಾಡಿ ಹೋಗುವುದು, ಎಲ್ಲಕ್ಕೂ ಒಂದೇ ಜಾಗ. ನಮ್ಮ ಹೊನ್ನಾವರದ ಹಳೇ ಮನೆಗಳಲ್ಲೂ ಹೀಗೇ. ನಾರಾಯಣ್ ಬರೆದ ಸಂಸಾರಕ್ಕೆ ಬೇಕಾದದ್ದು ಇಂಥ ಜಗಲಿ. ಅದನ್ನು ಶಂಕರ್ ನಾಗ್ ಸರಿಯಾಗಿ ಹುಡುಕಿದ್ದರು. ಮೂವತ್ತೊಂಬತ್ತು ಕಂತು ಮಾಡಿದ ಆ ಮನುಷ್ಯ 1990ರಲ್ಲಿ ಅಪಘಾತದಲ್ಲಿ ಹೋದಾಗ ವಯಸ್ಸು ಬರೀ 35.

ಅಪ್ಪಯ್ಯ ಕಂಬಕ್ಕೆ ಒರಗಿ ಎರಡನೇ ಲೋಟ ಕಷಾಯ ಕುಡಿದರು. ಮನೆಯವರಿಗೂ ಮಣಿಯ ಸುಳ್ಳಿನ ವಿಷಯ ಹೇಳಿದರು. ಅವರಲ್ಲಿ ಒಬ್ಬರು ನನ್ನ ಪಕ್ಷ, ಒಬ್ಬರು ಅಪ್ಪಯ್ಯನ ಪಕ್ಷ.

ಘಟ್ಟ ಇಳಿದು ಹೆಬ್ರಿ ಮೇಲೆ ಕರಾವಳಿಗೆ ಬಂದೆವು. ಭಟ್ಕಳ ಬರುವ ಹೊತ್ತಿಗೆ ಅಪ್ಪಯ್ಯ ಮುಂದಿನ ಊರು ಗೊತ್ತು ಮಾಡಿದ್ದರು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಚಳಿ ಕಡಿಮೆ ಆದ ಮೇಲೆ ಹೋಗಬೇಕು, ರೈಲಿನಲ್ಲೇ ಹೋಗಬೇಕು, ತಾಳಗುಪ್ಪದಿಂದ ಹತ್ತಿದರೆ ಅರಸಾಳು ಮತ್ತೊಮ್ಮೆ ಸಿಗುತ್ತದೆ ಅಂತ ಅವರ ಲೆಕ್ಕ.