ಕೊಟೊಕಾ ಬಿದ್ದ ಜಾಗದಲ್ಲಿ

2019ರ ಮಾರ್ಚ್‌ನಲ್ಲಿ ಘಾನಾ ದೇಶದ ಆಕ್ರಾಕ್ಕೆ ಹೋಗಿದ್ದೆ. ಇಳಿದ ಕೂಡಲೇ ಕಂಡ ಹೆಸರು ಕೊಟೊಕಾ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಆಗ ಅದೇ ಹೆಸರಿತ್ತು. ಸ್ವಾತಂತ್ರ್ಯ ತಂದ ನಾಯಕರಿರಬೇಕು ಅಂದುಕೊಂಡೆ. ಅಲ್ಲ ಎಂದ ಟ್ಯಾಕ್ಸಿ ಚಾಲಕ. ಸ್ವಾತಂತ್ರ್ಯ ತಂದವರು ಕ್ವಾಮೆ ಎನ್‌ಕ್ರೂಮಾ. ಅವರನ್ನು ಕುರ್ಚಿಯಿಂದ ಇಳಿಸಿದ ಸೇನಾಧಿಕಾರಿ ಕೊಟೊಕಾ!

ನಿಲ್ದಾಣದ ಮುಂದೆಯೇ ಕೊಟೊಕಾ ಅವರ ಪ್ರತಿಮೆ ಇತ್ತು. ಬಿಸಿಲಲ್ಲೇ ನಿಂತು ನೋಡಿದೆ.

ಇಮ್ಯಾನುಯೆಲ್ ಕ್ವಾಸಿ ಕೊಟೊಕಾ ಹುಟ್ಟಿದ್ದು 1926ರ ಸೆಪ್ಟೆಂಬರ್ 26ರಂದು, ವೋಲ್ಟಾ ಸೀಮೆಯ ಅಲಾಕ್‌ಪ್ಲೆಯಲ್ಲಿ. ಅದು ಭಾನುವಾರ. ಅಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ. ಕ್ವಾಸಿ ಅಂದ್ರೆ ಭಾನುವಾರದವನು, ಕ್ವಾಮೆ ಅಂದ್ರೆ ಶನಿವಾರದವನು. ನಮ್ಮ ತುಳುನಾಡಿನಲ್ಲೂ ಹೀಗೇ ಅಲ್ವಾ? ಭಾನುವಾರ ಹುಟ್ಟಿದವನು ಐತ, ಶನಿವಾರ ಹುಟ್ಟಿದವನು ತನಿಯ. ಇದು ಗೊತ್ತಾದ ಮೇಲೆ ಇಬ್ಬರೂ ನನಗೆ ಊರ ಕಡೆಯವರ ಹಾಗೆ ಕಂಡರು.

ಬ್ರಿಟಿಷರ ಕಾಲದಲ್ಲಿ ಸೇನೆ ಸೇರಿದ ಕೊಟೊಕಾ, ಆಮೇಲೆ ವಿಶ್ವಸಂಸ್ಥೆಯ ಪಡೆಯ ಜೊತೆ ಕಾಂಗೋಗೂ ಹೋಗಿಬಂದರು. 1966ರಲ್ಲಿ ಕರ್ನಲ್ ಆಗಿ ಕುಮಾಸಿ ನಗರದಲ್ಲಿದ್ದರು. ಎನ್‌ಕ್ರೂಮಾ ಅಷ್ಟು ಹೊತ್ತಿಗೆ ಒಂದೇ ಪಕ್ಷದ ಆಡಳಿತ ತಂದಿದ್ದರು, ವಿರೋಧಿಗಳನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕುತ್ತಿದ್ದರು. ಸಾಲ ಜಾಸ್ತಿಯಾಗಿತ್ತು, ಕೋಕೋ ಬೆಲೆ ಬಿದ್ದಿತ್ತು. ಫೆಬ್ರವರಿ 24ರಂದು, ಎನ್‌ಕ್ರೂಮಾ ವಿಯೆಟ್ನಾಂನ ಹನೋಯ್‌ಗೆ ಹೊರಟಿದ್ದಾಗ, ಸೇನೆ ಮತ್ತು ಪೊಲೀಸರು ಅಧಿಕಾರ ಹಿಡಿದರು. ಬೆಳಗಿನ ಜಾವ ರೇಡಿಯೋದಲ್ಲಿ ಸುದ್ದಿ ಹೇಳಿದ್ದು ಕೊಟೊಕಾ ಅವರೇ. ಹೊಸ ಸರ್ಕಾರದಲ್ಲಿ ಅವರಿಗೆ ಆರೋಗ್ಯ ಖಾತೆ ಸಿಕ್ಕಿತು.

ಆದರೆ ಕಾಲ ಕೂಡಿಬರಲಿಲ್ಲ. 1967ರ ಏಪ್ರಿಲ್ 17ರಂದು ಹೋ ಪಟ್ಟಣದಿಂದ ಬಂದ ಕಿರಿಯ ಅಧಿಕಾರಿಗಳು ದಂಗೆ ಎದ್ದರು. 'ಗಿಟಾರ್ ಬಾಯ್' ಎಂಬುದು ಆ ದಂಗೆಯ ಗುಟ್ಟಿನ ಹೆಸರು. ದಂಗೆ ಸೋತಿತು. ಆದರೆ ಅಷ್ಟರಲ್ಲಿ ಕೊಟೊಕಾ ಅವರನ್ನು ಹಿಡಿದು, ನಿಲ್ದಾಣದ ಮುಂದಿನ ಇದೇ ಜಾಗಕ್ಕೆ ತಂದು ಕೊಂದಿದ್ದರು. ಆಗ ಅವರಿಗೆ ಬರೀ 40 ವರ್ಷ. ಎರಡು ವರ್ಷಗಳ ನಂತರ ನಿಲ್ದಾಣಕ್ಕೆ ಅವರ ಹೆಸರಿಟ್ಟರು. ಜನ ಟ್ರಾಲಿ ತಳ್ಳಿಕೊಂಡು, ನೆಂಟರನ್ನು ತಬ್ಬಿಕೊಂಡು ಓಡಾಡುವ ನೆಲ ಅದು. ನನಗೆ ಗಂಟಲು ಕಟ್ಟಿತು.

ಮಧ್ಯಾಹ್ನ ಎಲೆಯಲ್ಲಿ ಕಟ್ಟಿಕೊಟ್ಟ ವಾಚೆ ತಿಂದೆ. ಅಲಸಂದೆ ಹಾಕಿದ ಅನ್ನ, ಜೊತೆಗೆ ಖಾರದ ಚಟ್ನಿ. ನಮ್ಮ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಅಲ್ಲಿಂದ ಎನ್‌ಕ್ರೂಮಾ ಸ್ಮಾರಕಕ್ಕೆ ಹೋದೆ. 1957ರ ಮಾರ್ಚ್ 6ರಂದು ಅವರು ಸ್ವಾತಂತ್ರ್ಯ ಸಾರಿದ ಮೈದಾನವೇ ಈಗ ಉದ್ಯಾನ. ಸಮಾಧಿಯೂ ಅಲ್ಲೇ. ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಹಿಂದಿರುವ ಎನ್‌ಕ್ರೂಮಾ ಅವರ ಇನ್ನೊಂದು ಪ್ರತಿಮೆಯ ಮುಂದೆ. ಅದಕ್ಕೆ ತಲೆ ಇಲ್ಲ, ಕೈಯೂ ಮುರಿದಿದೆ. 1966ರಲ್ಲಿ ಕೆಡವಿದ್ದು. ತಲೆಯನ್ನು ಪಕ್ಕದಲ್ಲೇ ಬೇರೆ ಪೀಠದ ಮೇಲೆ ಇಟ್ಟಿದ್ದಾರೆ. ಯಾರೋ ಅದನ್ನು ಅಷ್ಟೂ ವರ್ಷ ಜೋಪಾನ ಮಾಡಿ, 2009ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರಂತೆ.

ಶಾಲೆಯ ಮಕ್ಕಳ ಗುಂಪೊಂದು ಬಂತು. ಎಲ್ಲರೂ ತಲೆಯ ಪಕ್ಕ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು.

ವಾಪಸು ಹೊರಟ ರಾತ್ರಿ ಅದೇ ಚಾಲಕ ಬಂದಿದ್ದ. ನಾನು ಕೇಳುವ ಮೊದಲೇ ಕೊಟೊಕಾ ಪ್ರತಿಮೆಯ ಬಳಿ ಗಾಡಿ ನಿಧಾನ ಮಾಡಿದ.